ವಿಭಾಗಗಳಿಗೂ ಒಂದು ಸಂಘ ಬೇಕೆ?

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡು, ಆದರೆ ಕವಿತೆ ಮಾತ್ರ ಬೇಡ ಮಾರಾಯ, ಅವು ಆಗಲೇ ಹದಿನಾಲ್ಕು ಬಂದು ಬಿದ್ದಿವೆ ಎಂದು ಸಂಪಾದಕ ಮಿತ್ರರು ಹೇಳಿದರು. ನಾನು ಬೆಸೆಂಟ್ ನಗರದಲ್ಲಿ ರೂಮು ಮಾಡಿಕೊಂಡು ಭೂವಿಜ್ಞಾನ ಓದುತ್ತಿರುವವನು. ಬಳಗದಲ್ಲಿ ನನಗೆ 'ಕಲ್ಲು' ಎಂದೇ ಹೆಸರು. ಕಲ್ಲಿನಿಂದ ಕವಿತೆ ಹೇಗೂ ಹೊರಡುವುದಿಲ್ಲವಾದ್ದರಿಂದ ಒಂದು ಸಂಘದ ವಿಷಯ ಬರೆಯುತ್ತೇನೆ. ಮನುಷ್ಯರ ಸಂಘವಲ್ಲ, ವಿಶ್ವವಿದ್ಯಾನಿಲಯಗಳ ಭೂವಿಜ್ಞಾನ ವಿಭಾಗಗಳು ಸೇರಿ ಕಟ್ಟಿಕೊಳ್ಳುವ ಸಂಘ. "ವಿಭಾಗ ಅಂದರೆ ನಾಲ್ಕು ಕೋಣೆ, ಎರಡು ಬೀರು. ಅದು ಹೇಗಯ್ಯಾ ಸಂಘ ಕಟ್ಟುತ್ತೆ?" ಎಂದು ಸಂಪಾದಕರೇ ಕೇಳಿದರು. ಈ ಲೇಖನ ಆ ಪ್ರಶ್ನೆಗೆ ಉತ್ತರ.

ಮೊದಲು ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನಾನು ಬಿ.ಎಸ್ಸಿ. ಮಾಡಿದ್ದು ಕರ್ನಾಟಕದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ. ಹೆಸರು ಬೇಡ. ಅಲ್ಲಿ ಭೂವಿಜ್ಞಾನಕ್ಕೆ ಇದ್ದವರು ಒಬ್ಬರೇ ಮೇಷ್ಟ್ರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮರುವರ್ಷ ಹೊಸಬರನ್ನು ಸೇರಿಸಿಕೊಳ್ಳಲಿಲ್ಲ. ಅದರ ಮರುವರ್ಷ ಕೋಣೆಗೆ ಬೀಗ ಬಿತ್ತು. ಮುಚ್ಚುತ್ತೇವೆ ಎಂದು ಯಾರೂ ಆಜ್ಞೆ ಹೊರಡಿಸಲಿಲ್ಲ, ಯಾರೂ ಪ್ರತಿಭಟಿಸಲೂ ಇಲ್ಲ. ಪಕ್ಕದ ಜಿಲ್ಲೆಯ ಭೂವಿಜ್ಞಾನ ವಿಭಾಗಕ್ಕೆ ಇದು ಗೊತ್ತಾಯಿತೋ ಇಲ್ಲವೋ ದೇವರೇ ಬಲ್ಲ. ಮನೆಯಲ್ಲಿ ಒಬ್ಬಂಟಿ ಮುದುಕರು ತೀರಿಕೊಂಡರೆ ಹಾಲಿನವನು ಬಂದು ಬಾಗಿಲು ತಟ್ಟಿದಾಗ ತಿಳಿಯುತ್ತದಲ್ಲ, ಹಾಗೆ. ಈ ವಿಭಾಗದ ಬಾಗಿಲು ತಟ್ಟುವ ಹಾಲಿನವನೂ ಇರಲಿಲ್ಲ.

ವಿಭಾಗ ಒಂಟಿಯಾಗಿದ್ದರೆ ಏನು ಕಷ್ಟ? ಇದಕ್ಕೆ ನಮ್ಮ ಬೆಸೆಂಟ್ ನಗರವೇ ಸಾಕು ಉದಾಹರಣೆ. ನೀವೆಲ್ಲ ಭಾನುವಾರ ಎಲಿಯಟ್ಸ್ ಬೀಚಿಗೆ ಬಂದು, ಷ್ಮಿಟ್ ಸ್ಮಾರಕದ ಹತ್ತಿರ ಬಜ್ಜಿ ತಿಂದು ಹೋಗುವವರು. ಕಾಲಡಿ ಮರಳಿದೆ ಎಂಬುದು ಗೊತ್ತು. ಆ ಮರಳಿನೊಳಗೆ ಸಿಹಿನೀರಿದೆ ಎಂಬುದು ಇಲ್ಲಿನ ಮನೆಯವರಿಗೆ ಗೊತ್ತು. ಮಳೆನೀರು ಮರಳಿಗೆ ಇಳಿದು, ಸಮುದ್ರದ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಪುಸ್ತಕದ ಲೆಕ್ಕದಂತೆ ಸಮುದ್ರಮಟ್ಟಕ್ಕಿಂತ ಮೇಲೆ 1 ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರಬಹುದು. ಮೇಲಿನ ಒಂದು ಮೀಟರನ್ನು ಪಂಪು ಹಾಕಿ ಎಳೆದುಬಿಟ್ಟರೆ ಕೆಳಗಿನ ನಲವತ್ತಕ್ಕೂ ಕುತ್ತು. ಕೆಳಗೆ ಜೇಡಿಮಣ್ಣೋ ಬಂಡೆಯೋ ಅಡ್ಡ ಬಂದ ಕಡೆ ಈ ಲೆಕ್ಕ ಬದಲಾಗುತ್ತದೆ, ಆದರೆ ಎಚ್ಚರಿಕೆ ಬದಲಾಗುವುದಿಲ್ಲ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಕೆರೆಗಳು ಒಣಗಿ ಊರೆಲ್ಲ ಟ್ಯಾಂಕರಿಗೆ ಕಾದಿತ್ತು. ನಮ್ಮ ಮನೆಯ ಮಾಲೀಕರು ಇವತ್ತಿಗೂ ಬಾವಿನೀರನ್ನು ಮೊದಲು ನಾಲಿಗೆಗೆ ಮುಟ್ಟಿಸಿಯೇ ಬಿಂದಿಗೆ ತುಂಬುವುದು. "ಉಪ್ಪು ತಣ್ಣಿ ಆಗಲಿಲ್ಲವಲ್ಲ" ಅಂತ ಅವರಿಗೆ ಒಂದು ಸಮಾಧಾನ.

ಈಗ ಈ ಒಂದು ಬಾವಿಯನ್ನು ಸರಿಯಾಗಿ ತಿಳಿಯಬೇಕು ಅನ್ನಿ. ಮರಳು ಎಷ್ಟು ಆಳವಿದೆ ಎನ್ನಲು ಭೂವಿಜ್ಞಾನಿ ಬೇಕು. ನೆಲಕ್ಕೆ ವಿದ್ಯುತ್ ಹರಿಸಿ ಉಪ್ಪುನೀರು ಎಲ್ಲಿದೆ ಎಂದು ಗುರುತಿಸಲು ಭೂಭೌತವಿಜ್ಞಾನಿ ಬೇಕು. ನೀರಿನ ಕ್ಲೋರೈಡ್ ಅಳೆಯಲು ಭೂರಸಾಯನದ ಪ್ರಯೋಗಾಲಯ ಬೇಕು. ಇಪ್ಪತ್ತು ವರ್ಷದಲ್ಲಿ ಎಷ್ಟು ಮರಳು ಕಾಂಕ್ರೀಟಿನ ಕೆಳಗೆ ಹೋಯಿತು ಎನ್ನಲು ಉಪಗ್ರಹ ಚಿತ್ರ ಓದಬಲ್ಲವರು ಬೇಕು. ಇಷ್ಟೂ ಒಂದೇ ವಿಭಾಗದಲ್ಲಿ ಇರುವುದು ಅಪರೂಪ. ನಮ್ಮ ಚೆನ್ನೈಯಲ್ಲೇ ನೋಡಿ. ಮದ್ರಾಸ್ ವಿಶ್ವವಿದ್ಯಾನಿಲಯದ ಭೂವಿಜ್ಞಾನ ಗಿಂಡಿಯಲ್ಲಿ, ಅಣ್ಣಾ ವಿಶ್ವವಿದ್ಯಾನಿಲಯದ್ದೂ ಗಿಂಡಿಯಲ್ಲಿ, ಪ್ರೆಸಿಡೆನ್ಸಿ ಕಾಲೇಜಿನದು ಮರೀನಾ ಎದುರಿಗೆ. ಕೇಂದ್ರ ಅಂತರ್ಜಲ ಮಂಡಳಿಯ ಪ್ರಾದೇಶಿಕ ಕಚೇರಿಯಂತೂ ಇಲ್ಲೇ, ಬೆಸೆಂಟ್ ನಗರದ ರಾಜಾಜಿ ಭವನದಲ್ಲಿದೆ. ಎಲ್ಲವೂ ಒಂದು ಬಸ್ಸಿನ ದೂರ. ಯಾವುದರಲ್ಲಿ ಏನಿದೆ ಎಂದು ಎಲ್ಲರಿಗೂ ತಿಳಿದಿರಬೇಕಾದರೆ ಯಾರಾದರೂ ಒಂದು ಕಡೆ ಬರೆದಿಡಬೇಕು. ವಿಭಾಗಗಳ ಸಂಘದ ಬೀಜ ಇರುವುದು ಅಲ್ಲಿ.

ಇನ್ನು ಸಂಘಗಳ ಜಾತಿ. ವಿದ್ಯಾಲೋಕದಲ್ಲಿ ಮೂರು ಬಗೆಯ ಸಂಘಗಳಿವೆ. ಇವನ್ನು ಬೆರೆಸಿಕೊಂಡರೆ ಗೊಂದಲ.

ಮೊದಲನೆಯದು ವ್ಯಕ್ತಿಗಳ ಸಂಘ. ನಮ್ಮ ಬೆಂಗಳೂರಿನಲ್ಲೇ 1958ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘ, ಅಂದರೆ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ, ಇಂಥದ್ದು. ಡಿ.ಎನ್. ವಾಡಿಯಾ ಅದರ ಮೊದಲ ಅಧ್ಯಕ್ಷರು. 1959ರಿಂದ ಅದರ ಪತ್ರಿಕೆ ಬರುತ್ತಿದೆ. ಮೈಸೂರು ಭೂವಿಜ್ಞಾನ ಇಲಾಖೆಯ ಬಿ.ಪಿ. ರಾಧಾಕೃಷ್ಣ ಅವರು ದಶಕಗಳ ಕಾಲ ಆ ಸಂಘವನ್ನೂ ಪತ್ರಿಕೆಯನ್ನೂ ಬೆನ್ನ ಮೇಲೆ ಹೊತ್ತವರು. 2012ರಲ್ಲಿ ಅವರು ತೀರಿಕೊಂಡರು. ಗವಿಪುರದ ಕಚೇರಿಯಿಂದ ನಡೆಯುವ ಈ ಸಂಘಕ್ಕೆ ಸದಸ್ಯರಾಗುವವರು ನಾವು ನೀವು, ಅಂದರೆ ವ್ಯಕ್ತಿಗಳು. ಮೇಷ್ಟ್ರು ಸದಸ್ಯರಾಗಿದ್ದರೆ ಅವರು ನಿವೃತ್ತರಾದ ಮೇಲೂ ಸದಸ್ಯರೇ. ಒಳ್ಳೆಯದೇ. ಆದರೆ ಅವರು ಬಿಟ್ಟುಹೋದ ವಿಭಾಗಕ್ಕೆ ಅಲ್ಲಿ ಕುರ್ಚಿ ಇಲ್ಲ.

ಎರಡನೆಯದು ವಿಶ್ವವಿದ್ಯಾನಿಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿ ಎಂದು ಆರಂಭವಾಗಿ 1973ರಲ್ಲಿ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ಎಂಬ ಹೆಸರು ಪಡೆದದ್ದು ಈ ಬಗೆಯದು. ಇಲ್ಲಿ ಸದಸ್ಯತ್ವ ವಿಶ್ವವಿದ್ಯಾನಿಲಯದ್ದು, ಮಾತಾಡುವವರು ಕುಲಪತಿಗಳು. ಐವತ್ತು ವಿಭಾಗಗಳನ್ನು ನೋಡಿಕೊಳ್ಳುವ ಕುಲಪತಿಗಳು ಭೂವಿಜ್ಞಾನದ ಸೂಕ್ಷ್ಮದರ್ಶಕ ಕೆಟ್ಟಿದೆ ಎಂದು ದೆಹಲಿಯಲ್ಲಿ ಎದ್ದು ನಿಂತು ಹೇಳುವರೆ?

ಮೂರನೆಯದು ಇವೆರಡರ ನಡುವಿನದು, ಒಂದೇ ವಿಷಯ ಕಲಿಸುವ ವಿಭಾಗಗಳ ಸಂಘ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾನಿಲಯ ಭೂವಿಜ್ಞಾನ ವಿಭಾಗಗಳ ಮುಖ್ಯಸ್ಥರ ಸಮಿತಿ ಎಂದು ಇದ್ದದ್ದು ಈಗ ಯೂನಿವರ್ಸಿಟಿ ಜಿಯೋಸೈನ್ಸ್ ಯುಕೆ ಎಂಬ ಹೆಸರಿನಲ್ಲಿದೆ. ಕೆನಡಾದಲ್ಲೂ ಭೂವಿಜ್ಞಾನ ವಿಭಾಗಗಳ ಮುಖ್ಯಸ್ಥರದೇ ಒಂದು ಪರಿಷತ್ತಿದೆ.

ಇಂಥ ಸಂಘದ ರಚನೆ ನೋಡಲು ಸರಳ. ಸದಸ್ಯತ್ವ ವಿಭಾಗದ್ದು. ವಿಭಾಗಕ್ಕೆ ಬಾಯಿಲ್ಲವಲ್ಲ, ಆದ್ದರಿಂದ ಆ ಹೊತ್ತಿಗೆ ಯಾರು ಮುಖ್ಯಸ್ಥರೋ ಅವರೇ ಅದರ ಬಾಯಿ. ಮುಖ್ಯಸ್ಥರು ಬದಲಾದರೆ ಬಾಯಿ ಬದಲಾಗುತ್ತದೆ, ಕುರ್ಚಿ ಹಾಗೇ ಇರುತ್ತದೆ. ಮುಖ್ಯವಾದ ಗುಟ್ಟು ಇದೇ. ನಮ್ಮ ಕನ್ನಡ ಸಂಘಕ್ಕೆ ಯಾರೋ ಒಬ್ಬ ಉತ್ಸಾಹಿ ಕಾರ್ಯದರ್ಶಿ ಬಂದ ವರ್ಷ ನಾಟಕ, ಭಾಷಣ, ಸಂಚಿಕೆ ಎಲ್ಲ ಆಗುತ್ತದೆ. ಅವನು ಪಾಸಾಗಿ ಹೋದ ವರ್ಷ ನೋಟೀಸು ಬೋರ್ಡಿನಲ್ಲಿ ಹಳೆಯ ಕಾಗದ ಹಳದಿಯಾಗುತ್ತದೆ. ಅನುಭವಿಸಿದವರಿಗೆ ವಿವರಿಸಬೇಕೆ? ಕುರ್ಚಿಯನ್ನು ಹುದ್ದೆಗೆ ಕಟ್ಟಿಹಾಕಿದರೆ ಉತ್ಸಾಹ ಕಡಿಮೆಯಾದೀತು, ಆದರೆ ಸಂಬಂಧ ಕಡಿಯುವುದಿಲ್ಲ.

ಮುಖ್ಯಸ್ಥರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಳ್ಳುತ್ತಾರೆ. ಪತ್ರ ಬರೆಯಲು ಕಾರ್ಯದರ್ಶಿ, ವಂತಿಗೆ ನೋಡಿಕೊಳ್ಳಲು ಖಜಾಂಚಿ. ವಂತಿಗೆ ವಿಭಾಗ ಕೊಡುತ್ತದೆ. ಅಧ್ಯಕ್ಷಗಿರಿ ಕೆಲವು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತದೆ, ಯಾವ ದೊಡ್ಡ ವಿಭಾಗವೂ ಅದನ್ನು ಸ್ವಂತ ಜಹಗೀರು ಮಾಡಿಕೊಳ್ಳಬಾರದೆಂದು. ಸಭೆ ಸೇರಿದಾಗ ಮಾತಾಡುವ ವಿಷಯಗಳು ಇವು: ಈ ವರ್ಷ ಎಷ್ಟು ಜನ ಸೇರಿದರು, ಪಾಸಾದವರು ಎಲ್ಲಿಗೆ ಹೋದರು, ಕ್ಷೇತ್ರಕಾರ್ಯಕ್ಕೆ ಹುಡುಗ ಹುಡುಗಿಯರನ್ನು ಕರೆದೊಯ್ಯುವಾಗ ಯಾವ ಎಚ್ಚರಿಕೆ, ಪಠ್ಯದಲ್ಲಿ ಏನು ಬಿಟ್ಟುಹೋಗಿದೆ, ಸರ್ಕಾರಕ್ಕೆ ಏನು ಬರೆಯಬೇಕು.

ಇದರಲ್ಲಿ ಲೆಕ್ಕದ ಕೆಲಸ ತೀರ ನೀರಸವಾಗಿ ಕಾಣುತ್ತದೆ. ಆದರೆ ಬೆಲೆ ಇರುವುದು ಅದಕ್ಕೇ. ಒಂದು ವಿಭಾಗದಲ್ಲಿ ಹುಡುಗರು ಕಡಿಮೆಯಾದರೆ ಆ ಮೇಷ್ಟ್ರು ಪಾಠ ಸರಿ ಮಾಡುವುದಿಲ್ಲ ಎನ್ನುತ್ತಾರೆ. ಮೂವತ್ತು ವಿಭಾಗಗಳಲ್ಲಿ ಒಟ್ಟಿಗೇ ಕಡಿಮೆಯಾದರೆ ಅದು ಮೇಷ್ಟ್ರ ತಪ್ಪಲ್ಲ, ಕಾರಣ ಬೇರೆ ಕಡೆ ಇದೆ ಎಂದು ತಿಳಿಯುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಭೂವಿಜ್ಞಾನ ಪದವಿಗೆ ಸೇರುವವರು ಕಡಿಮೆಯಾಗಿದ್ದಾರೆ, ಮತ್ತು ಅಲ್ಲಿ ಅದು ಬಹಿರಂಗ ಚರ್ಚೆಯ ವಿಷಯ. ಅಮೆರಿಕದಲ್ಲಿ 1948ರಲ್ಲಿ ಸ್ಥಾಪನೆಯಾದ ಭೂವಿಜ್ಞಾನ ಸಂಸ್ಥೆಯೊಂದು ಹಲವು ಸಂಘಗಳ ಒಕ್ಕೂಟ. ಅದು ಭೂವಿಜ್ಞಾನ ವಿಭಾಗಗಳ ಕೈಪಿಡಿಯನ್ನೇ ಪ್ರಕಟಿಸುತ್ತ ಬಂದಿದೆ. ಯಾವ ಊರಲ್ಲಿ ಯಾವ ವಿಭಾಗ, ಯಾರಿದ್ದಾರೆ, ಅವರ ವಿಷಯ ಯಾವುದು ಎಂಬ ಪಟ್ಟಿ, ಅಷ್ಟೇ. ಆದರೆ ಪಟ್ಟಿಯಲ್ಲಿ ಇದ್ದ ಹೆಸರು ಮರುವರ್ಷ ಇಲ್ಲದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಏನಾಯ್ತು?

ಸಂಘವಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಬೊಗಳೆ ಬಿಡುತ್ತಿಲ್ಲ. ಇಂಥ ಸಂಘಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ. ವಿಭಾಗ ಸಂಘದ ಸದಸ್ಯ ನಿಜ, ಆದರೆ ಸಂಬಳ ಕೊಡುವುದು ವಿಶ್ವವಿದ್ಯಾನಿಲಯ. ಸಂಘ ಪತ್ರ ಬರೆಯಬಹುದು, ಅಂಕಿ ಅಂಶ ಮುಂದಿಡಬಹುದು, ಬೀಗ ತೆಗೆಯಲಾರದು. 1987ರಲ್ಲಿ ಬ್ರಿಟನ್ನಿನಲ್ಲಿ ಆಕ್ಸ್‌ಬರೋ ನೇತೃತ್ವದ ಸಮಿತಿ ಭೂವಿಜ್ಞಾನ ವಿಭಾಗಗಳನ್ನು ಮೂರು ಬಗೆಯಾಗಿ ವಿಂಗಡಿಸುವ ವರದಿ ಕೊಟ್ಟಿತು. ದೊಡ್ಡವಕ್ಕೆ ಉಪಕರಣ, ಹಣ ಬಂತು. ಹಲವು ಸಣ್ಣ ವಿಭಾಗಗಳು ಮುಚ್ಚಿದವು ಅಥವಾ ಬೇರೆಯವುಗಳಲ್ಲಿ ಸೇರಿಹೋದವು. ಅಂಥ ಹೊತ್ತಿನಲ್ಲಿ ಒಂದೇ ಮೇಜಿನ ಸುತ್ತ ಕೂತ ಮುಖ್ಯಸ್ಥರಲ್ಲಿ ಪ್ರತಿಯೊಬ್ಬನಿಗೂ ತನ್ನ ವಿಭಾಗ ಉಳಿದರೆ ಸಾಕು ಎನ್ನಿಸುವುದು ಸಹಜ. ದೊಡ್ಡದೂ ಸಣ್ಣದೂ ಸೇರಿದ ಯಾವ ಸಂಘಕ್ಕೂ ಈ ಬಿರುಕು ತಪ್ಪಿದ್ದಲ್ಲ. ಆದರೂ ಮುಚ್ಚಿಹೋದ ವಿಭಾಗದ ವಸ್ತುಗಳನ್ನು, ವಿದ್ಯಾರ್ಥಿಗಳನ್ನು ಯಾರು ವಹಿಸಿಕೊಳ್ಳಬೇಕು ಎಂದು ಕೇಳಲು ಒಂದು ಮೇಜಾದರೂ ಇರುತ್ತದೆ.

ನಮ್ಮಲ್ಲಿ ಈ ವಿದ್ಯೆಯ ಕೊಡುಕೊಳು ಹೊಸದೇನಲ್ಲ. 1863ರಲ್ಲಿ ಇದೇ ಮದ್ರಾಸಿನ ಪಲ್ಲಾವರಂ ಬಳಿ ಶಿಲಾಯುಗದ ಕೈಗೊಡಲಿಯನ್ನು ಹೆಕ್ಕಿದ ರಾಬರ್ಟ್ ಬ್ರೂಸ್ ಫೂಟ್, 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದವರು. ಬಂಡೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ವಿಭಾಗಗಳಿಗೆ ಮಾತ್ರ ಯಾಕೆ ಇಷ್ಟು ಎತ್ತರದ ಕಾಂಪೌಂಡು?

ಕಳೆದ ದಸರಾ ರಜದಲ್ಲಿ ನನ್ನ ಹಳೆಯ ಕಾಲೇಜಿಗೆ ಹೋಗಿದ್ದೆ. ಹಳೆಯ ಅಟೆಂಡರು ಗುರುತು ಹಿಡಿದು ಕೋಣೆಯ ಬೀಗ ತೆಗೆದುಕೊಟ್ಟರು. ಒಳಗೆ ಮರದ ತಟ್ಟೆಗಳಲ್ಲಿ ಬಂಡೆಗಳ ತೆಳುಪದರದ ಗಾಜುಗಳು ಸಾಲಾಗಿ ಇದ್ದವು. ಕೂದಲೆಳೆಯಷ್ಟು ತೆಳ್ಳಗೆ ಕಲ್ಲನ್ನು ತೇಯ್ದು ಗಾಜಿಗೆ ಅಂಟಿಸಿದ್ದು. ಒಂದನ್ನು ತೇಯಲು ಅರ್ಧ ದಿನ ಬೇಕು. ಪ್ರತಿಯೊಂದರ ಮೇಲೂ ಮೇಷ್ಟ್ರ ಕೈಬರಹದಲ್ಲಿ ಊರಿನ ಹೆಸರು. ಸೂಕ್ಷ್ಮದರ್ಶಕ ಎರಡಿದ್ದವು, ಒಂದಕ್ಕೆ ಬೂಜು ಹಿಡಿದಿತ್ತು. ಒಂದೆರಡನ್ನು ಜೇಬಿಗೆ ಹಾಕಿಕೊಳ್ಳೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅವು ದಾಸ್ತಾನು ಪುಸ್ತಕದಲ್ಲಿವೆ, ನನ್ನವಲ್ಲ. ಕೊಟ್ಟುಬಿಡಿ ಎಂದು ಪ್ರಿನ್ಸಿಪಾಲರಿಗೆ ಹೇಳೋಣವೆಂದರೆ, ಯಾರಿಗೆ? ಯಾವ ವಿಭಾಗಕ್ಕೆ ಇವು ಬೇಕು ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆದ್ದರಿಂದ ಅಲ್ಲೇ ನೆಲದ ಮೇಲೆ ಕೂತು ಸಂಜೆಯವರೆಗೆ ಪಟ್ಟಿ ಮಾಡಿದೆ. ಗಾಜುಗಳ ಸಂಖ್ಯೆ, ಬಂಡೆಯ ಹೆಸರು, ಊರು. ಒಂದು ಪ್ರತಿಯನ್ನು ಪ್ರಿನ್ಸಿಪಾಲರಿಗೆ ಕೊಟ್ಟು ಬಂದೆ. ಇನ್ನೊಂದು ಬೆಸೆಂಟ್ ನಗರದ ನನ್ನ ಮೇಜಿನ ಮೇಲಿದೆ. ಒಂದೊಂದೇ ವಿಭಾಗಕ್ಕೆ, "ನಿಮಗೆ ಬೇಕೆ?" ಎಂದು ಕೇಳಿ ಅದರ ನಕಲು ಕಳಿಸುತ್ತಿದ್ದೇನೆ. ಸಂಘವೊಂದು ಇದ್ದಿದ್ದರೆ ಇದು ಅದರ ಕಾರ್ಯದರ್ಶಿಯ ಕೆಲಸ. ಬಳಗದ ಗೆಳೆಯರಲ್ಲಿ ಯಾರ ಹಳೆಯ ಕಾಲೇಜಿನಲ್ಲಾದರೂ, ಯಾವ ವಿಷಯದ್ದೇ ಆಗಲಿ, ಹೀಗೆ ಬೀಗ ಬಿದ್ದ ಕೋಣೆಯಿದ್ದರೆ ಮುಂದಿನ ರಜದಲ್ಲಿ ಒಂದು ನೋಟ್‌ಬುಕ್ಕು ಹಿಡಿದುಕೊಂಡು ಹೋಗಿ ಬನ್ನಿ.