ಡಿಪ್ಲೊಮಾ ಕೊನೆಯ ನಿಲ್ದಾಣವಲ್ಲ

ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಕರ್ನಾಟಕದ ಬಸ್ಸಿನಿಂದ ಇಳಿಯುವ ನಮ್ಮ ಹುಡುಗರನ್ನು ನೀವು ನೋಡಿರಬಹುದು. ಕೆಲವರ ಚೀಲದಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಇರ್ತದೆ, ತಲೆಯಲ್ಲಿ ಕೆಲಸದ ಚಿಂತೆ. ‘ಡಿಗ್ರಿ ನಮ್ಮಂಥವರಿಗಲ್ಲ’ ಅಂತಾರೆ. ಅದು ತಪ್ಪು ತಿಳಿವಳಿಕೆ.

ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. 1854ರಲ್ಲಿ ಶುರುವಾದ ಪುಣೆಯ ಸಿಒಇಪಿಯಂಥ ಹೆಸರಾಂತ ಸಂಸ್ಥೆಗೂ ಈ ಬಾಗಿಲು ಇದೆ. ಆದರೆ ದಾರಿ ರಾಜ್ಯಕ್ಕೊಂದು. ಮಹಾರಾಷ್ಟ್ರದಲ್ಲಿ ಸಿಇಟಿ ಸೆಲ್ ಡಿಪ್ಲೊಮಾ ಅಂಕ ನೋಡಿ ಮೆರಿಟ್ ಪಟ್ಟಿ ಮಾಡ್ತದೆ; ಬೇರೆ ಪ್ರವೇಶ ಪರೀಕ್ಷೆ ಇಲ್ಲ. ಕರ್ನಾಟಕದಲ್ಲಿ ಕೆಇಎ ನಡೆಸುವ ಡಿಸಿಇಟಿ ಬರೀಬೇಕು. ಸಾಮಾನ್ಯ ವರ್ಗದವರಿಗೆ ಶೇ 45 ಅಂಕ ಬರೀ ಅರ್ಹತೆ. ಒಳ್ಳೆಯ ಕಾಲೇಜಿನ ಸೀಟಿಗೆ ಅದು ಸಾಲೋದಿಲ್ಲ.

ಕಾಗದಪತ್ರದಲ್ಲೂ ಎಡವಬೇಡಿ. ಕರ್ನಾಟಕದ 2ಬಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯುವುದಿಲ್ಲ. ಅರ್ಜಿ ಹಾಕುವ ಮುಂಚೆ ಆ ವರ್ಷದ ಮಾಹಿತಿ ಪುಸ್ತಕದಲ್ಲಿ ವಾಸಸ್ಥಳದ ನಿಯಮ ಓದಿ.

ಸೀಟು ಸಿಕ್ಕ ಮೇಲೆ ಗಣಿತ ಕಾಡ್ತದೆ. ಜೊತೆಯವರು ಮೊದಲ ವರ್ಷದಲ್ಲೇ ಕಲಿತಿದ್ದನ್ನು ನೀವು ಕಲಿತಿರೋದಿಲ್ಲ. ಫಲಿತಾಂಶ ಬಂದ ದಿನದಿಂದಲೇ ಕಲನಶಾಸ್ತ್ರದ ಪುಸ್ತಕ ಹಿಡಿಯಿರಿ.

ಅಬ್ಬಾ, ಅಮ್ಮಿಯವರಿಗೂ ಒಂದು ಮಾತು. ಮಗ ಬೇಗ ಸಂಬಳ ತರಲಿ, ಮಗಳ ಓದು ಇಷ್ಟಕ್ಕೇ ಸಾಕು ಅನ್ನಿಸೋದು ಮನೆಯ ಕಷ್ಟದಿಂದಲೇ. ಆದರೂ ಇನ್ನು ಮೂರೇ ವರ್ಷ ತಾಳಿ. ಡಿಗ್ರಿ ಕೈಗೆ ಬರ್ತದೆ.