ಸಾಯದೆ ಉಳಿದ ಹುಳು

ಸಿಂಧನೂರಿನ ಕಾಲುವೆ ಬಯಲಿನಲ್ಲಿ, ಹಸುರಾದ ಬತ್ತದ ಗದ್ದೆಯ ನಡುವೆ ಸುಟ್ಟಂತೆ ಒಣಗಿದ ದುಂಡನೆಯ ತಾಣಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದು ಬೆಂಕಿಯ ಕೆಲಸವಲ್ಲ. ಪೈರಿನ ಬುಡದಲ್ಲಿ ಕುಳಿತು ರಸ ಹೀರುವ ಕಂದು ಜಿಗಿಹುಳುವಿನದು.

ಈ ಕ್ಷುದ್ರಜೀವಿಯ ನಡತೆ ವಿಚಿತ್ರವಾದುದು. ಪೈರು ಸೊಂಪಾಗಿರುವಾಗ ಗಿಡ್ಡ ರೆಕ್ಕೆಯವು ಹೆಚ್ಚಾಗಿ ಹುಟ್ಟಿ, ಹಾರದೆ ಅಲ್ಲಿಯೇ ಮೊಟ್ಟೆಯಿಡುವುವು. ಸಂದಣಿ ಬೆಳೆದು ಪೈರು ಒಣಗತೊಡಗಿದರೆ ಉದ್ದ ರೆಕ್ಕೆಯವು ಹುಟ್ಟಿ ಬೇರೆಡೆಗೆ ಹಾರಿಹೋಗುವುವು. ಇದು ಯೋಚಿಸಿ ಮಾಡಿದ ಉಪಾಯವಲ್ಲ. ಹೀಗೆ ನಡೆಯಬಲ್ಲವುಗಳ ಸಂತತಿ ಉಳಿಯಿತು; ಮಿಕ್ಕವುಗಳದು ಅಳಿಯಿತು. 1859ರಲ್ಲಿ ಡಾರ್ವಿನ್ ಪಂಡಿತನು ವಿವರಿಸಿದ ನಿಸರ್ಗದ ಆಯ್ಕೆಯೆಂಬುದು ಇದೇ.

ಔಷಧ ಹೊಡೆಯುವಾಗ ನಾವೂ ಅರಿಯದೆ ಇಂಥ ಆಯ್ಕೆಯನ್ನೇ ನಡೆಸುತ್ತೇವೆ. ಒಂದೇ ವಿಷವನ್ನು ಮತ್ತೆ ಮತ್ತೆ ಬಳಸಿದರೆ, ಹುಟ್ಟಿನಿಂದ ಅದನ್ನು ತಾಳಬಲ್ಲ ಕೆಲವು ಬದುಕುವುವು. ತಿಂಗಳೊಪ್ಪತ್ತಿನಲ್ಲಿ ಅವುಗಳ ಮರಿಗಳೇ ಗದ್ದೆಯನ್ನು ತುಂಬುವುವು. ಇಮಿಡಾಕ್ಲೋಪ್ರಿಡ್ ಎಂಬ ಔಷಧಕ್ಕೆ 2003ರಿಂದೀಚೆಗೆ ಏಷ್ಯದ ಅನೇಕ ನಾಡುಗಳಲ್ಲಿ ಈ ಹುಳು ಜಗ್ಗದಂತಾಗಿದೆ. ಹುಳುವನ್ನು ತಿನ್ನುವ ಜೇಡಗಳು ವಿಷಕ್ಕೆ ಸಾಯುವುದು ಮತ್ತೊಂದು ನಷ್ಟ.

ಆದುದರಿಂದ ಯೂರಿಯಾ ಮಿತವಾಗಿರಲಿ. ನಾಟಿಯ ಸಾಲುಗಳ ನಡುವೆ ಗಾಳಿಯಾಡಲಿ. ಹುಳು ಕಂಡಾಗ ಗದ್ದೆಯ ನೀರನ್ನು ಬಸಿಯಿರಿ. ಔಷಧ ಅನಿವಾರ್ಯವಾದರೆ ಬೇರೆ ಬೇರೆ ಬಗೆಯದನ್ನು ಸರದಿಯಾಗಿ ಬಳಸಿರಿ. ಸತ್ತ ಹುಳುಗಳನ್ನು ಎಣಿಸಿ ಹಿಗ್ಗುವುದಕ್ಕಿಂತ, ಸಾಯದೆ ಉಳಿದವುಗಳನ್ನು ನೆನೆದು ನಡೆಯುವುದೇ ಒಕ್ಕಲಿಗನಿಗೆ ಕ್ಷೇಮಕರ.