ಅರ್ಧ ಸೆಕೆಂಡಿನ ತಡ

೨೦೨೪ರ ಮಾರ್ಚ್ ತಿಂಗಳಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು ಗಣಕಯಂತ್ರವೊಂದರ ವೇಗವನ್ನು ಅಳೆಯುತ್ತ ಕುಳಿತಿದ್ದರು. ದೂರದಲ್ಲಿರುವವರು ಯಂತ್ರದೊಳಕ್ಕೆ ಬರಲು ‘ಎಸ್‌ಎಸ್‌ಎಚ್’ ಎಂಬುದೊಂದು ಬಾಗಿಲುಂಟು. ಅದು ತೆರೆಯುವುದಕ್ಕೆ ಎಂದಿಗಿಂತ ಅರ್ಧ ಸೆಕೆಂಡು ತಡವಾಗುತ್ತಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು! ಬೇರೆಯವರಾದರೆ ‘ಇರಲಿ’ ಎಂದು ಬಿಟ್ಟುಬಿಡುತ್ತಿದ್ದರೇನೋ. ಫ್ರಾಯಿಂಡರು ಬಿಡಲಿಲ್ಲ.

ಅವರು ನೌಕರಿಯಲ್ಲಿದ್ದುದು ಮೈಕ್ರೋಸಾಫ್ಟ್ ಕಂಪನಿಯಲ್ಲಿ. ಆದರೆ ಕಂಪನಿಯು ಸಂಬಳ ಕೊಟ್ಟು ಅವರಿಂದ ಮಾಡಿಸುತ್ತಿದ್ದ ಕೆಲಸ, ‘ಪೋಸ್ಟ್‌ಗ್ರೆಸ್’ ಎಂಬ ದತ್ತಾಂಶ ಭಂಡಾರದ ತಂತ್ರಾಂಶವನ್ನು ತಿದ್ದಿ ಬೆಳೆಸುವುದು. ಅದು ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಅದರ ಮೂಲಬರಹ ಎಲ್ಲರಿಗೂ ತೆರೆದಿದೆ. ಬೇಕಾದವರು ಓದಬಹುದು, ಬಳಸಬಹುದು, ತಿದ್ದಬಹುದು. ಪ್ರತಿಸ್ಪರ್ಧಿಗಳೂ ಅದನ್ನು ಪುಕ್ಕಟೆಯಾಗಿ ಬಳಸುತ್ತಾರೆ. ಹಾಗಿದ್ದೂ ವ್ಯಾಪಾರಿಗಳು ಇಂಥ ಕೆಲಸಕ್ಕೆ ಕಚೇರಿಯ ವೇಳೆಯನ್ನು ಬಿಟ್ಟುಕೊಡುವುದು ಬರಿಯ ದಾನಬುದ್ಧಿಯಿಂದಲ್ಲ. ತಮ್ಮ ತೋಟಕ್ಕೂ ಅದೇ ಕೆರೆಯ ನೀರು ಹರಿಯುವಾಗ ಹೂಳೆತ್ತಲು ಆಳು ಕಳಿಸುವುದು ಲೆಕ್ಕಾಚಾರವೇ ಸರಿ.

ತಡದ ಜಾಡು ಹಿಡಿದು ಹೊರಟ ಫ್ರಾಯಿಂಡರು ‘ಎಕ್ಸ್‌ಝಡ್’ ಎಂಬ ಪುಟ್ಟ ತಂತ್ರಾಂಶದ ಬಳಿ ಬಂದು ನಿಂತರು. ಕಡತಗಳನ್ನು ಒತ್ತಿ ಚಿಕ್ಕದು ಮಾಡುವುದಷ್ಟೇ ಅದರ ಕೆಲಸ. ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಆ ಬಾಗಿಲು ಸುತ್ತುಬಳಸಿ ಇದರ ಆಸರೆ ಪಡೆದಿತ್ತು. ಅದರ ೫.೬.೦ ಮತ್ತು ೫.೬.೧ನೆಯ ಆವೃತ್ತಿಗಳಲ್ಲಿ ಕಳ್ಳಗಂಡಿಯೊಂದನ್ನು ಕೊರೆದಿಟ್ಟಿದ್ದರು! ರಹಸ್ಯ ಕೀಲಿಯುಳ್ಳವನು ಅದರ ಮೂಲಕ ನುಗ್ಗಿ ಪರರ ಯಂತ್ರದ ಮೇಲೆ ತನ್ನ ಆಜ್ಞೆಯನ್ನು ನಡೆಸಬಹುದಾಗಿತ್ತು. ಮಾರ್ಚ್ ೨೯ರಂದು ಫ್ರಾಯಿಂಡರು ಇದನ್ನು ಬಹಿರಂಗಪಡಿಸಿದರು. ಆ ಆವೃತ್ತಿಗಳು ಆಗ ಬಹುಮಟ್ಟಿಗೆ ಪರೀಕ್ಷಾರ್ಥ ವ್ಯವಸ್ಥೆಗಳನ್ನಷ್ಟೇ ಸೇರಿದ್ದವು. ಇನ್ನು ಕೆಲವು ತಿಂಗಳು ಯಾರೂ ಗಮನಿಸದಿದ್ದರೆ ಲೋಕದ ಅಸಂಖ್ಯ ಸರ್ವರುಗಳಿಗೆ ಹಬ್ಬುತ್ತಿದ್ದವು.

ಕಳ್ಳನು ಒಳಗೆ ಬಂದ ಬಗೆ ಮರುಕ ಹುಟ್ಟಿಸುವಂಥದು. ಎಕ್ಸ್‌ಝಡ್ ಅನ್ನು ವರ್ಷಗಳಿಂದ ಬಹುಮಟ್ಟಿಗೆ ಒಬ್ಬರೇ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸೆ ಕಾಲಿನ್. ಕೆಲಸ ನಿಧಾನವಾಯಿತೆಂದು ೨೦೨೨ರಲ್ಲಿ ಅಪರಿಚಿತರು ಅವರನ್ನು ಗದರಿಸತೊಡಗಿದರು. ಇದು ಸಂಬಳವಿಲ್ಲದ ಹವ್ಯಾಸವೆಂದು ಕಾಲಿನ್ನರು ನೆನಪಿಸಬೇಕಾಯಿತು. ‘ಜಿಯಾ ಟಾನ್’ ಎಂಬ ಹೆಸರಿನವನೊಬ್ಬ ಮಾತ್ರ ವಿನಯದಿಂದ ನೆರವಿಗೆ ನಿಂತಿದ್ದನು. ಎರಡು ವರ್ಷಕ್ಕೂ ಮೇಲ್ಪಟ್ಟು ತಾಳ್ಮೆಯಿಂದ ದುಡಿದು, ವಿಶ್ವಾಸ ಗಳಿಸಿ, ಅಧಿಕಾರ ಪಡೆದನು. ಗಂಡಿ ಕೊರೆದವನು ಅವನೇ.

ಎಕ್ಸ್‌ಝಡ್ ಅನ್ನು ಬಳಸುತ್ತಿದ್ದ ಸಿರಿವಂತ ಕಂಪನಿಗಳಿಗೆ ಕೊರತೆಯಿರಲಿಲ್ಲ. ಅವುಗಳಲ್ಲೊಂದು ವಾರಕ್ಕೊಂದು ದಿನ ತನ್ನ ನೌಕರನೊಬ್ಬನನ್ನು ಕಾಲಿನ್ನರ ನೆರವಿಗೆ ಬಿಟ್ಟುಕೊಟ್ಟಿದ್ದರೆ, ಜಿಯಾ ಟಾನನಿಗೆ ಆ ಸ್ಥಾನ ಅಷ್ಟು ಸುಲಭವಾಗಿ ದೊರೆಯುತ್ತಿತ್ತೇ?

ಕಳ್ಳಗಂಡಿಯನ್ನು ಕಿತ್ತುಹಾಕಿದ ೫.೬.೨ನೆಯ ಆವೃತ್ತಿಯನ್ನು ಕಾಲಿನ್ನರೇ ಆ ವರ್ಷದ ಮೇ ೨೯ರಂದು ಹೊರತಂದರು.